ಮೇರಿ ವಾರೆನ್ ಮತ್ತು ನಾನು

ಮೂರು ತಿಂಗಳಾಯ್ತು ಇಲ್ಲಿ ಏನಾದರೂ ಬರೆದು. ಕೆಲಸ, ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು. ನಿಜ ಏನೆಂದರೆ ಸೋಮಾರಿತನ. ಈಗ ಕೂತು ಬರೆಯುತ್ತಿರುವುದಕ್ಕೆ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಹಳೇ ಪುಸ್ತಕ ಕಾರಣ. ಆರ್ಥರ್ ಮಿಲ್ಲರ್ ಬರೆದ 'ದಿ ಕ್ರೂಸಿಬಲ್' ನಾಟಕ. ಯಾರೋ ಇಂಗ್ಲಿಷ್ ಎಂ.ಎ. ಓದಿದವರದ್ದಿರಬೇಕು, ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ 'ಇಂಪಾರ್ಟೆಂಟ್' ಅಂತ ಬರೆದಿದೆ. ಜಾನ್ ಪ್ರಾಕ್ಟರ್ ಮಾತಾಡಿದಲ್ಲೆಲ್ಲ ಅಡಿಗೆರೆ. ಮೇರಿ ವಾರೆನ್ ಎನ್ನುವ ಹುಡುಗಿಯ ಮಾತಿಗೆ ಒಂದೇ ಒಂದು ಗೆರೆಯೂ ಇಲ್ಲ.

ಅಲ್ಲೇ ನನ್ನ ತಕರಾರು ಇರೋದು.

ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು. 1692ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಎಂಬಲ್ಲಿ ಕೆಲವು ಹುಡುಗಿಯರು ಇದ್ದಕ್ಕಿದ್ದಂತೆ ಕಿರುಚುವುದು, ಬೀಳುವುದು ಶುರು ಮಾಡಿದರು. ಯಾರೋ ಮಾಟ ಮಾಡಿದ್ದಾರೆ ಅಂತಾಯ್ತು. ಯಾರು ಅಂತ ಕೇಳಿದರು. ಹುಡುಗಿಯರು ಹೆಸರು ಹೇಳುತ್ತಾ ಹೋದರು. ಕೋರ್ಟು ಕೂತಿತು. 19 ಜನರನ್ನು ನೇಣಿಗೆ ಹಾಕಿದರು, ಜೈಲಿನಲ್ಲೇ ಕೆಲವರು ಸತ್ತರು, ಜೈಲ್ಸ್ ಕೋರಿ ಎನ್ನುವ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಹೇರಿ ಕೊಂದರು. ತಮಾಷೆ (ತಮಾಷೆ ಅಲ್ಲ) ಏನೆಂದರೆ, 'ಹೌದು, ನಾನು ಮಾಟ ಮಾಡಿದೆ' ಎಂದು ಒಪ್ಪಿಕೊಂಡವರು ಉಳಿದುಕೊಂಡರು. 'ನಾನು ಮಾಡಿಲ್ಲ' ಅಂತ ಹಟ ಹಿಡಿದವರು ಸತ್ತರು.

ಮಿಲ್ಲರ್ ಇದನ್ನು ನಾಟಕ ಮಾಡಿದ್ದು 1953ರಲ್ಲಿ. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೀತಿತ್ತು. ಸಂಸತ್ತಿನ ಸಮಿತಿ ಕರೆದು ಕೂರಿಸಿ, ನಿನ್ನ ಜೊತೆ ಮೀಟಿಂಗಿಗೆ ಬರುತ್ತಿದ್ದವರ ಹೆಸರು ಹೇಳು ಅನ್ನುತ್ತಿತ್ತು. ಮಿಲ್ಲರನ ಗೆಳೆಯ, ಅವನ ನಾಟಕಗಳನ್ನು ನಿರ್ದೇಶಿಸಿದ್ದ ಇಲಿಯಾ ಕಜಾನ್ 1952ರಲ್ಲಿ ಹೋಗಿ ಹೆಸರು ಹೇಳಿ ಬಂದ. ಮಿಲ್ಲರನನ್ನು 1956ರಲ್ಲಿ ಕರೆದಾಗ ಅವನು ತನ್ನ ಬಗ್ಗೆ ಹೇಳುತ್ತೇನೆ, ಬೇರೆಯವರ ಹೆಸರು ಹೇಳಲ್ಲ ಅಂದ. ಮರುವರ್ಷ ತಪ್ಪಿತಸ್ಥ ಅಂತ ತೀರ್ಪಾಯಿತು, 1958ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಅಂದರೆ ನಾಟಕ ಬರೆದ ಮೂರು ವರ್ಷಕ್ಕೆ ಅವನೇ ತನ್ನ ನಾಯಕನ ಜಾಗದಲ್ಲಿ ನಿಂತ. ಇದು ದೊಡ್ಡ ಮಾತು, ಇಲ್ಲ ಅನ್ನಲ್ಲ.

ಆದರೆ ಓದಿದವರೆಲ್ಲ ತಾವು ಜಾನ್ ಪ್ರಾಕ್ಟರ್ ಅಂದುಕೊಂಡೇ ಪುಸ್ತಕ ಮುಚ್ಚುತ್ತಾರೆ. ನನ್ನ ರೂಂಮೇಟಿಗೆ ಓದಲು ಕೊಟ್ಟೆ. 'ಮಗಾ, ಇದ್ರೆ ಹಿಂಗಿರ್ಬೇಕು' ಅಂದ. ಯಾರ ಹಾಗೆ ಅಂತ ಕೇಳಬೇಕಾಗಿರಲಿಲ್ಲ. ಸಾಯುವ ಮುನ್ನ ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಅದನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆಯುತ್ತಾರೆ ಅಂತ ಗೊತ್ತಾದಾಗ ಹರಿದು ಹಾಕಿ, ನನ್ನ ಹೆಸರೊಂದನ್ನು ಬಿಡಿ ಎಂದು ನೇಣಿಗೆ ನಡೆಯುವ ಪ್ರಾಕ್ಟರ್. ಸರಿ. ಆದರೆ ಊರಿನಲ್ಲಿ ಸಾವಿರ ಜನರಿದ್ದರೆ ಅಂಥವನು ಒಬ್ಬ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಜನ ಯಾರು? ನಾನು ಯಾರು ಅಂತ ನನಗೆ ಗೊತ್ತು, ಅದನ್ನು ಹೇಳೋಕೇ ಈ ಪೋಸ್ಟು.

ನಮ್ಮೂರು ದೇವದುರ್ಗ. ಅವ್ವನ ತವರು ಮಾನ್ವಿ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ಒಂದೇ ಜಿಲ್ಲೆ ಆದರೂ ನಮ್ಮದು ಕೃಷ್ಣೆ ಕಡೆ, ಅವರದು ತುಂಗಭದ್ರೆ ಕಡೆ. ಚಿಕ್ಕವನಿದ್ದಾಗ ನನಗೆ ಮಾನ್ವಿ ಕಡೆಯೆಂದರೆ ಶ್ರೀಮಂತ ದೇಶ, ಯಾಕೆಂದರೆ ಅಲ್ಲಿ ಕಾಲುವೆ ಇತ್ತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಮೇಲಿನವರು ನೆಲ್ಲು ಹಚ್ಚಿ ನೀರು ಕುಡಿಸಿದಷ್ಟೂ ಕೆಳಗಿನವರಿಗೆ ಕಮ್ಮಿ. ಕೊನೆ ಭಾಗದ ಊರುಗಳಲ್ಲಿ ತೂಬಿಗೆ ರಾತ್ರಿ ಕಾವಲು ಕೂರುತ್ತಾರೆ. ಅಣ್ಣತಮ್ಮಂದಿರೇ ಗುದ್ದಲಿ ಹಿಡಿದು ಎದುರುಬದುರು ನಿಲ್ಲುತ್ತಾರೆ. ಇದನ್ನು ಯಾಕೆ ಹೇಳ್ತಿದೀನಿ ಅಂದರೆ, ಸೇಲಂ ಕತೆಯಲ್ಲೂ ಇದೇ ಇದೆ. ಪುಟ್ನಂ ಎಂಬ ಸಾಹುಕಾರ, ಗಡಿ ಜಗಳ, ಯಾರ ಅಜ್ಜ ಯಾರಿಗೆ ಯಾವ ಕಾಡು ಬರೆದುಕೊಟ್ಟ ಅನ್ನುವ ವ್ಯಾಜ್ಯ. ಮಾಟಗಾತಿ ಎಂದು ನೇಣಾದವನ ಆಸ್ತಿ ಜಪ್ತಿಯಾದರೆ ಅದನ್ನು ಕೊಳ್ಳುವಷ್ಟು ದುಡ್ಡಿರುವುದು ಪುಟ್ನಂ ಒಬ್ಬನ ಹತ್ತಿರ ಅಂತ ಜೈಲ್ಸ್ ಕೋರಿ ಕೋರ್ಟಿನಲ್ಲೇ ಕೂಗುತ್ತಾನೆ. ಹಾಗಂತ ನಿನಗೆ ಹೇಳಿದವರು ಯಾರು ಅಂದರೆ ಹೇಳಲ್ಲ. ಹೇಳಿದರೆ ಆ ಮನುಷ್ಯನೂ ಜೈಲಿಗೆ ಹೋಗುತ್ತಾನೆ ಅಂತ ಗೊತ್ತು.

ಭಾನಾಮತಿ ಅನ್ನೋ ಪದ ಮೈಸೂರು ಕಡೆಯವರಿಗೆ ಅಷ್ಟು ಪರಿಚಯ ಇರಲಿಕ್ಕಿಲ್ಲ. ಬೀದರ, ಕಲಬುರಗಿ, ರಾಯಚೂರು ಕಡೆ, ಗಡಿ ದಾಟಿದರೆ ತೆಲಂಗಾಣದ ಮೆದಕ್ ಕಡೆ, ಈ ಪದ ಕೇಳಿದರೆ ದೊಡ್ಡವರೂ ದನಿ ತಗ್ಗಿಸುತ್ತಾರೆ. ಮನೆ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯೊಳಗಿನ ಸೀರೆಗೆ ಬೆಂಕಿ ಹತ್ತುವುದು, ಹೆಂಗಸರು ನಾಯಿ ಹಾಗೆ ಬೊಗಳುವುದು, ಇವೆಲ್ಲ ಭಾನಾಮತಿ ಲೆಕ್ಕ. ಮಾಡಿದವರು ಅಂತ ಅನುಮಾನ ಬಂದವರ ಹಲ್ಲು ಕಿತ್ತ ಪ್ರಸಂಗಗಳು ಮೆದಕ್ ಕಡೆ ನಡೆದಿವೆ. ಹಲ್ಲಿಲ್ಲದಿದ್ದರೆ ಮಂತ್ರ ಸರಿಯಾಗಿ ಉಚ್ಚಾರ ಆಗಲ್ಲ ಅಂತ.

ನನಗೆ ಒಂಬತ್ತು ವರ್ಷ. ಬ್ಯಾಸಿಗಿ ರಜೆಗೆ ಮಾವನ ಊರಿಗೆ ಹೋಗಿದ್ದೆ. ಜ್ವರ ಬಂತು. ನಾಲ್ಕು ದಿನಕ್ಕೂ ಇಳಿಯಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬಾಕೆ ಮುದುಕಿ ಇದ್ದಳು, ಗಂಡ ಇಲ್ಲ, ಗಂಡುಮಕ್ಕಳಿಲ್ಲ, ಒಬ್ಬ ಮಗಳನ್ನು ರಾಯಚೂರಿಗೆ ಕೊಟ್ಟಿತ್ತು. ದಿನಾ ಮಧ್ಯಾಹ್ನ ಒಂದು ಚೆಂಬು ಹಿಡಿದು ಮಜ್ಜಿಗೆಗೆ ಬರುತ್ತಿದ್ದಳು. ಆ ವರ್ಷ ಎಮ್ಮೆ ಹಿಂಡುವುದು ಬಿಟ್ಟಿತ್ತು. ಅಜ್ಜಿ ಎರಡು ಮೂರು ದಿನ ಇಲ್ಲ ಅಂದು ಕಳಿಸಿದಳು. ಮುದುಕಿ ತನ್ನಷ್ಟಕ್ಕೇ ಏನೋ ಗೊಣಗುತ್ತಾ ಹೋದಳು. ಅದನ್ನು ನಾನೂ ನೋಡಿದ್ದೆ.

ಐದನೇ ದಿನ ರಾತ್ರಿ ಹೇಳಿಕೆ ಹೇಳುವವನನ್ನು ಕರೆಸಿದರು. ನಿಂಬೆಹಣ್ಣು, ಬೂದಿ, ಲೋಬಾನದ ಹೊಗೆ. ಅವನು ನನ್ನ ಗದ್ದ ಎತ್ತಿ ಹಿಡಿದು ಕೇಳಿದ. 'ಯಾರ್ ಬಂದಾರ ಹೇಳಪಾ. ಮೂಡಲ ಮನೀಯಾಕೇನು, ಪಡುವಲ ಮನೀಯಾಕೇನು?'

ಮಾವನ ಮನೆಗೆ ಮೂಡಲಿಗೆ ಮನೆಯೇ ಇಲ್ಲ. ಹಗೇವು ಇದ್ದ ಬಯಲು ಜಾಗ. ಪಡುವಲಿಗೆ ಇದ್ದದ್ದು ಒಂದೇ ಮನೆ.

ನಾನು ತಲೆ ಅಲ್ಲಾಡಿಸಿದೆ. ಅಷ್ಟೇ. ಬಾಯಿಬಿಟ್ಟು ಹೆಸರು ಹೇಳಲೂ ಇಲ್ಲ. ಇಡೀ ಪಡಸಾಲೆ ಒಮ್ಮೆಲೇ ಉಸಿರು ಬಿಟ್ಟ ಹಾಗಾಯ್ತು. ಅಜ್ಜಿ ನನ್ನನ್ನು ಅವುಚಿಕೊಂಡು ಅತ್ತಳು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ನನ್ನನ್ನು ಅಷ್ಟು ಗಂಭೀರವಾಗಿ ತಗೊಂಡಿರಲಿಲ್ಲ. ಮಾರನೇ ದಿನ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಕೇಳಿದಾಗ ನಾನೇ ಸೇರಿಸಿದೆ, ಆಕೆ ಕನಸಿನಲ್ಲಿ ಬಂದು ಎದೆ ಮೇಲೆ ಕೂರ್ತಾಳೆ, ಕಾಲು ಥಣ್ಣಗಿರ್ತಾವ ಅಂತ. ಸುಳ್ಳು. ಆದರೆ ಹೇಳುತ್ತಾ ಹೇಳುತ್ತಾ ಎದೆ ಭಾರ ಆಗಿದ್ದು ಸುಳ್ಳಲ್ಲ. ರಾತ್ರಿ ನಿಜವಾಗಿಯೂ ಹೆದರಿ ಕಿರುಚಿಕೊಂಡೆ. ಇದನ್ನು ಹೇಗೆ ವಿವರಿಸೋದೋ ಇವತ್ತಿಗೂ ಗೊತ್ತಿಲ್ಲ.

ಮತ್ತೆರಡು ದಿನ ಬಿಟ್ಟು ಅಪ್ಪ ದೇವದುರ್ಗದಿಂದ ಬಂದು ಬೈದು ಮಾನ್ವಿಗೆ ಕರೆದುಕೊಂಡು ಹೋದ. ರಕ್ತ ಪರೀಕ್ಷೆ ಮಾಡಿದರು. ಟೈಫಾಯ್ಡ್. ಗುಳಿಗೆ ನುಂಗಿದೆ, ಜ್ವರ ಬಿಟ್ಟಿತು. ಊರಲ್ಲಿ ಮಾತ್ರ ಅದು ತೋಳಿಗೆ ಕಟ್ಟಿದ ಅಂತ್ರದಿಂದ ಬಿಟ್ಟಿತು. ಯಾರೂ ತಮ್ಮ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. ನಾನೂ ತಗೊಳ್ಳಲಿಲ್ಲ.

ಈಗ ಮೇರಿ ವಾರೆನ್‌ಗೆ ಬರೋಣ. ಪ್ರಾಕ್ಟರನ ಮನೆಯ ಕೆಲಸದ ಹುಡುಗಿ. ಅಂಜುಬುರುಕಿ. ಕೋರ್ಟಿನಿಂದ ಮನೆಗೆ ಬಂದು ಅವಳು ಹೇಳುವ ಒಂದು ಮಾತು ಓದಿ ನಾನು ಪುಸ್ತಕ ಮಡಿಚಿಟ್ಟೆ. ಸೇರಾ ಗುಡ್ ಎಂಬ ತಿರುಪೆಯ ಮುದುಕಿ ಬ್ರೆಡ್ಡು ಬೇಡಲು ಬರುತ್ತಿದ್ದಳಂತೆ. ಇಲ್ಲ ಎಂದು ಕಳಿಸಿದಾಗಲೆಲ್ಲ ಏನೋ ಗೊಣಗುತ್ತಾ ಹೋಗುತ್ತಿದ್ದಳಂತೆ. ಒಮ್ಮೆ ಹಾಗೆ ಹೋದ ಮೇಲೆ ಎರಡು ದಿನ ಹೊಟ್ಟೆನೋವು ಬಂತಂತೆ. ಕೋರ್ಟಿನಲ್ಲಿ ಕೂತಾಗ ಇದೆಲ್ಲ ಒಮ್ಮೆಗೇ ನೆನಪಾಗಿ ಮೈ ತಣ್ಣಗಾಯಿತಂತೆ. ಸಾವಿರಾರು ಮೈಲು ಆಚೆ, ಮುನ್ನೂರು ಚಿಲ್ಲರೆ ವರ್ಷ ಹಿಂದೆ, ಅದೇ ಚೆಂಬು, ಅದೇ ಗೊಣಗು! ಕೀತ್ ಥಾಮಸ್ ಎನ್ನುವ ಇತಿಹಾಸಕಾರ ಇಂಗ್ಲೆಂಡಿನ ಮಾಟಗಾತಿ ಮೊಕದ್ದಮೆಗಳ ಬಗ್ಗೆ 1971ರ ತನ್ನ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾನೆ. ಬಹಳಷ್ಟು ಕಡೆ ಕತೆ ಶುರುವಾಗುವುದು ಬೇಡಲು ಬಂದವಳಿಗೆ ಇಲ್ಲ ಅಂದ ಮನೆಯಿಂದ. ಕೊಡಬೇಕಿತ್ತು, ಕೊಡಲಿಲ್ಲ. ಆ ಚುಚ್ಚು ಒಳಗೆ ಇರುತ್ತೆ. ಮನೆಯಲ್ಲಿ ಏನಾದರೂ ಕೆಟ್ಟದ್ದಾದ ತಕ್ಷಣ ಅದು ಅವಳ ಶಾಪ ಆಗಿಬಿಡುತ್ತೆ. ಅಂದರೆ ತಪ್ಪು ಮಾಡಿದವರು ನಾವು, ಮಾಟ ಮಾಡಿದವಳು ಅವಳು.

ಇನ್ನೊಂದು ಜಾಗ ಮೂರನೇ ಅಂಕದಲ್ಲಿದೆ. ಪ್ರಾಕ್ಟರ್ ಅವಳನ್ನು ಹುರಿದುಂಬಿಸಿ, ಎಲ್ಲ ನಟನೆ ಅಂತ ಹೇಳಿಸಲು ಕೋರ್ಟಿಗೆ ಕರೆತರುತ್ತಾನೆ. ನ್ಯಾಯಾಧೀಶರ ಕಡೆಯವರು, ನಟನೆಯಾದರೆ ಈಗ ಮೂರ್ಛೆ ಹೋಗಿ ತೋರಿಸು ನೋಡೋಣ ಅನ್ನುತ್ತಾರೆ. ಅವಳಿಗೆ ಆಗಲ್ಲ. ಎಷ್ಟು ಪ್ರಯತ್ನಪಟ್ಟರೂ ಆಗಲ್ಲ. ವಿಮರ್ಶಕರಿಗೆ ಇದು ಅವಳ ದೌರ್ಬಲ್ಯ. ನನಗೆ ಇಡೀ ನಾಟಕದ ಅತ್ಯಂತ ಸತ್ಯವಾದ ಜಾಗ ಇದೇ. ಯಾಕೆಂದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸುತ್ತ ಹತ್ತು ಜನ ನಂಬಿ ಕೂತಾಗ ಮೈ ತಾನೇ ತಣ್ಣಗಾಗುತ್ತೆ. ಆ ಹತ್ತು ಜನ ಇಲ್ಲದಾಗ ಆಗಲ್ಲ. ನನ್ನನ್ನು ಈಗ ಕೂರಿಸಿ ಎದೆ ಭಾರ ಮಾಡಿಕೊಂಡು ತೋರಿಸು ಅಂದರೆ ನನಗೂ ಆಗಲ್ಲ. ಆಮೇಲೆ ಉಳಿದ ಹುಡುಗಿಯರೆಲ್ಲ ಅವಳ ಮೇಲೇ ತಿರುಗಿಬಿದ್ದಾಗ, ಅವಳು ಕಿರುಚಿ ಪ್ರಾಕ್ಟರನತ್ತ ಬೆರಳು ತೋರಿಸಿ ಗುಂಪಿಗೆ ವಾಪಸು ಓಡಿಹೋಗುತ್ತಾಳೆ. ಅವಳ ಮೇಲೆ ಸಿಟ್ಟು ಬರಬೇಕು, ಬರುತ್ತೆ. ಆದರೆ ನಾನಾದರೆ ಎಷ್ಟು ಹೊತ್ತು ನಿಂತಿರುತ್ತಿದ್ದೆ?

ಮೊದಲನೇ ಅಂಕದಲ್ಲಿ ಟಿಟೂಬಾ ಎಂಬ ಗುಲಾಮ ಹೆಂಗಸನ್ನು ವಿಚಾರಿಸುವಾಗ, ಯಾರ್ಯಾರು ಇದ್ದರು ಹೇಳು ಅಂತ ಗದರಿಸಿ, ಹೆಸರುಗಳನ್ನು ಪುಟ್ನಂ ತಾನೇ ಹೇಳಿಬಿಡುತ್ತಾನೆ. ಸೇರಾ ಗುಡ್ ಇದ್ದಳಾ? ಆಸ್ಬರ್ನ್ ಇದ್ದಳಾ? ಸ್ವಲ್ಪ ಹೊತ್ತಿಗೆ ಅವಳ ಬಾಯಿಂದ ಅವೇ ಎರಡು ಹೆಸರು ಬರುತ್ತವೆ. ಮೂಡಲ ಮನೀಯಾಕೇನು, ಪಡುವಲ ಮನೀಯಾಕೇನು. ನಾಟಕದ ವಿಷಯ ಮೂಢನಂಬಿಕೆ ಅಂತ ಗೈಡುಗಳಲ್ಲಿ ಬರೆದಿರುತ್ತೆ. ನನಗೆ ಹಾಗನ್ನಿಸಲ್ಲ. ನಾಟಕದ ವಿಷಯ ಆ ಪ್ರಶ್ನೆ. 'ಏನಾಯ್ತು' ಅಂತ ಕೇಳಿದ್ದರೆ ಟೈಫಾಯ್ಡ್ ಅಂತ ಉತ್ತರ ಸಿಗುತ್ತಿತ್ತು. 'ಯಾರು' ಅಂತ ಕೇಳಿದರೆ ಉತ್ತರ ಒಬ್ಬ ಮನುಷ್ಯಳೇ ಆಗಬೇಕು. (ನಮ್ಮ ಆಫೀಸಿನಲ್ಲೂ ಪ್ರೊಡಕ್ಷನ್ ಬಿದ್ದಾಗ ಮ್ಯಾನೇಜರ್ ಮೊದಲು ಓಡಿಸುವುದು ಗಿಟ್ ಬ್ಲೇಮ್. ಆ ಕಮಾಂಡಿಗೆ ಹೆಸರಿಟ್ಟ ಪುಣ್ಯಾತ್ಮನಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು :-) )

ಮಿಲ್ಲರನ ಮೇಲೆ ನನಗೊಂದು ಸಿಟ್ಟಿದೆ, ಅದನ್ನೂ ಹೇಳಿಬಿಡ್ತೀನಿ. ಅಬಿಗೇಲ್ ಪಾತ್ರ. ನಿಜವಾದ ಅಬಿಗೇಲ್ ವಿಲಿಯಮ್ಸ್‌ಗೆ ಆಗ 11-12 ವರ್ಷ, ನಿಜವಾದ ಪ್ರಾಕ್ಟರನಿಗೆ ಸುಮಾರು 60. ಮಿಲ್ಲರ್ ಅವಳನ್ನು 17ಕ್ಕೆ ಏರಿಸಿ, ಅವನನ್ನು ಮೂವತ್ತೈದರ ಆಸುಪಾಸಿಗೆ ಇಳಿಸಿ, ಇಬ್ಬರ ನಡುವೆ ಸಂಬಂಧ ಹುಟ್ಟಿಸಿದ. ನಾಟಕಕ್ಕೆ ಕಾವು ಬಂತು, ನಿಜ. ಆದರೆ ಇಡೀ ಊರಿನ ಪಾಪ ಒಬ್ಬ ಕೈಬಿಟ್ಟ ಪ್ರೇಯಸಿಯ ತಲೆ ಮೇಲೆ ಬಂತು. ಓದುವವನಿಗೆ ಆರಾಮ. ಓಹೋ, ಇದೆಲ್ಲ ಆ ಹುಡುಗಿಯ ಸೇಡು ಅಂದುಕೊಂಡು ಎದ್ದು ಹೋಗಬಹುದು. ಮಾಟಗಾತಿಯನ್ನು ಹುಡುಕಬೇಡಿ ಅನ್ನುವ ನಾಟಕದಲ್ಲೇ ಒಬ್ಬ ಮಾಟಗಾತಿ! ಹನ್ನೊಂದು ವರ್ಷದ ಮಗುವನ್ನು ಹಾಗೇ ಬಿಟ್ಟಿದ್ದರೆ ಪ್ರೇಕ್ಷಕ ದೊಡ್ಡವರ ಕಡೆ ತಿರುಗಿ ನೋಡಲೇಬೇಕಾಗುತ್ತಿತ್ತು.

ಕಾರ್ನಾಡರ 'ನಾಗಮಂಡಲ' ನೆನಪಾಯಿತು. ಅಲ್ಲೂ ಊರ ಹಿರಿಯರ ಮುಂದೆ ಒಬ್ಬ ಹೆಂಗಸು ತನ್ನನ್ನು ಸಾಬೀತು ಮಾಡಬೇಕು. ರಾಣಿ ಹಾವನ್ನು ಹಿಡಿದು ನಿಜವನ್ನೇ ಹೇಳಿ ದೇವತೆಯಾಗುತ್ತಾಳೆ. ಇಲ್ಲಿ ಎಲಿಜಬೆತ್ ಪ್ರಾಕ್ಟರ್, ಜನ್ಮದಲ್ಲಿ ಸುಳ್ಳು ಹೇಳದವಳು, ಗಂಡನ ಮಾನ ಉಳಿಸಲು ಒಂದೇ ಒಂದು ಸುಳ್ಳು ಹೇಳಿ ಅವನನ್ನು ಕಳಕೊಳ್ಳುತ್ತಾಳೆ. ನಮ್ಮ ಕತೆಯಲ್ಲಿ ಪವಾಡ ಬಂದು ಕಾಪಾಡುತ್ತೆ. ಮಾನ್ವಿಯ ಪಕ್ಕದ ಹಳ್ಳಿಗೆ ಯಾವ ಪವಾಡವೂ ಬರಲಿಲ್ಲ.

ಆ ಮುದುಕಿಯನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಹಲ್ಲು ಕೀಳುವುದು ದೂರದ ಮಾತು. ಹತ್ತಿ ಬಿಡಿಸೋಕೆ, ಕಳೆ ತೆಗೆಯೋಕೆ ಕರೆಯುವುದನ್ನು ಬಿಟ್ಟರು. ನಳದ ಹತ್ತಿರ ಆಕೆಯ ಕೊಡ ಮುಟ್ಟದೆ ಸುತ್ತುಹಾಕಿ ನಡೆದರು. ಆಕೆ ಎದುರಿಗೆ ಬಂದರೆ ಬಾಣಂತಿಯರನ್ನು ಒಳಗೆ ಕರೆದುಕೊಂಡರು. ಮರುವರ್ಷ ನಾನು ಹೋದಾಗ ಮನೆಗೆ ಬೀಗ. ಮಗಳ ಹತ್ತಿರ ರಾಯಚೂರಿಗೆ ಹೋದಳಂತೆ. 'ಪೀಡಾ ಹೋತು' ಅಂದರು.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದ್ದರು. ಮಹಾರಾಷ್ಟ್ರದಲ್ಲಿ ದಾಭೋಲ್ಕರ್ 2013ರಲ್ಲಿ ಕೊಲೆಯಾದ ಮೇಲೆ ಅಲ್ಲಿ ಕಾನೂನು ಬಂತು. ನಮ್ಮಲ್ಲಿ ಜನ ಮೌಢ್ಯ ನಿಷೇಧ ಕಾಯ್ದೆ ಎನ್ನುವ ಕಾನೂನು 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಯಾಯಿತು. ಒಂದರಿಂದ ಏಳು ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ಇದೆಲ್ಲ ಬೇಕು. ಭೂತ ಬಿಡಿಸ್ತೀನಿ ಅಂತ ಬಾರುಕೋಲಿನಿಂದ ಹೊಡೆಯುವವನನ್ನು ಒಳಗೆ ಹಾಕಲೇಬೇಕು. ಆದರೆ ಕಳೆ ತೆಗೆಯಲು ಕರೆಯದೆ ಇದ್ದುದಕ್ಕೆ ಯಾವ ಕಲಂ ಹಾಕ್ತೀರಿ? ಒಂಬತ್ತು ವರ್ಷದವನು ತಲೆ ಅಲ್ಲಾಡಿಸಿದ್ದಕ್ಕೆ? ನಮ್ಮ ಅಜ್ಜಿ ಭಾನಾಮತಿಯನ್ನು ನಂಬಿದ್ದಳು, ಒಪ್ಪುತ್ತೇನೆ. ಆದರೆ ಮಾವ ನಂಬಿರಲಿಲ್ಲ. ಅವನು ಡಿಗ್ರಿ ಓದಿದವನು. ಆ ರಾತ್ರಿ ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ.

ಸೇಲಂನವರು ಕ್ಷಮೆ ಕೇಳಿದರು, ಅದನ್ನು ಹೇಳಬೇಕು. ನ್ಯಾಯಾಧೀಶರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಸಿವಾಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರ ಮುಂದೆ ಎದ್ದುನಿಂತ. ಹೆಸರು ಹೇಳಿದ ಹುಡುಗಿಯರಲ್ಲಿ ಆನ್ ಪುಟ್ನಂ ಒಬ್ಬಳು 1706ರಲ್ಲಿ ಕ್ಷಮೆ ಕೇಳಿದಳು. ಅದರಲ್ಲೂ ಸೈತಾನ ನನ್ನನ್ನು ಮರುಳು ಮಾಡಿದ ಅಂತ ಸೇರಿಸಿದಳು! ಮತ್ತೆ 'ಯಾರು'. ಕೊನೆಗೆ ಉಳಿದಿದ್ದ ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ನಿರ್ದೋಷಿ ಅಂತ ಆಗಿದ್ದು 2022ರಲ್ಲಿ. ಅದಕ್ಕಾಗಿ ಓಡಾಡಿದ್ದು ಎಂಟನೇ ಕ್ಲಾಸಿನ ಮಕ್ಕಳು ಮತ್ತವರ ಟೀಚರ್.

ನನಗೂ ಒಂದು ಅವಕಾಶ ಸಿಕ್ಕಿತ್ತು. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ರೂಮಿನಲ್ಲಿ ಅಡುಗೆ ಪಾಳಿ ನನ್ನದಿತ್ತು ಅಂತ ಉಸ್ಮಾನಿಯಾ ಮಾರ್ಕೆಟಿಗೆ ಹೋಗಿದ್ದೆ. ಗೋಣಿಚೀಲ ಹಾಸಿ ಪಲ್ಯ ಮಾರುತ್ತಾ ಕೂತಿದ್ದಳು. ಮೊದಲು ಗುರುತು ಹಿಡಿದದ್ದು ಆಕೆಯೇ. ಎರಡು ಸಿವುಡು ಪುಂಡಿಪಲ್ಯ ಕೈಗೆ ಕೊಡುತ್ತಾ ಮುಖ ನೋಡಿದಳು.

'ಯಪ್ಪಾ, ನೀ ದೇವದುರ್ಗದಾವ ಅಲ್ಲೇನು? ಅವ್ವ ಆರಾಮದಾಳೇನು?'

ಅಷ್ಟು ವರ್ಷ ನೆನಪಿಟ್ಟು ಕೇಳಿದ್ದಳು. ನಾನು ಚಿಲ್ಲರೆ ಎಣಿಸುತ್ತಾ, 'ಅಲ್ಲಬೇ, ನಾ ಬ್ಯಾರೆ ಊರಾವ' ಅಂದೆ. 'ಹೌದೇನು, ಹಂಗಾ ಕಾಣ್ತಿ' ಅಂತ ಒಂದು ಹಿಡಿ ಕೊತ್ತಂಬರಿ ಮೇಲೆ ಹಾಕಿದಳು. ಪ್ರಾಕ್ಟರ್ ಹೆಸರು ಬಿಟ್ಟುಕೊಡದೆ ಸತ್ತ. ನಾನು ಕೇಳುವ ಮೊದಲೇ ನನ್ನ ಹೆಸರು, ಊರು, ಅವ್ವ, ಎಲ್ಲ ಬಿಟ್ಟುಕೊಟ್ಟು ಬಂದೆ. ಆಮೇಲೆ ಎರಡು ಸಲ ಹುಡುಕಿಕೊಂಡು ಹೋದೆ. ಎರಡನೇ ಸಲ ಪಕ್ಕದಾಕೆ, ಆ ಮುದುಕಿ ತೀರಿಕೊಂಡಳು ಅಂದಳು.

ಈ ವರ್ಷದ ಯುಗಾದಿಗೆ ಮಾವನ ಊರಿಗೆ ಹೋಗಿದ್ದೆ. ನಾಟಕ ಆಗಷ್ಟೇ ಓದಿ ಮುಗಿಸಿದ್ದೆ. ರಾತ್ರಿ ಊಟ ಆದಮೇಲೆ ಕಟ್ಟೆ ಮೇಲೆ ಕೂತು ಕೇಳಿದೆ, 'ಮಾವಾ, ಆ ಪಡುವಲ ಮನಿ ಜಾಗ ಈಗ ಯಾರದು?'

'ನಮ್ದೇ ಅಲ್ಲೇನಪಾ' ಅಂದ. 'ಆಕಿ ಮಗಳು ಕೇಳಿದಷ್ಟಕ್ಕ ಕೊಟ್ಲು. ಟ್ರ್ಯಾಕ್ಟರ್ ಅಲ್ಲೇ ನಿಲ್ತೈತಿ, ನೋಡಿಲ್ಲೇನು?'